ಡೀಸೆಲ್ ಎಂಜಿನ್‌ಗೆ ಹೆಚ್ಚು ಶಕ್ತಿ: ಸ್ಕ್ರೂ ತಿರುಗಿಸುವ ಮುಂಚೆ ತಿಳಿಯೋಣ



ಸಂಘದ ವಾರದ ಸಭೆ. ಹಾಜರಿ ಆಯ್ತು, ಉಳಿತಾಯ ಕಟ್ಟಿದ್ದಾಯ್ತು. ಸಾಲದ ಅರ್ಜಿ ಬಂದಾಗ ಒಬ್ಬ ಸದಸ್ಯೆ ಹೇಳ್ತಾರೆ: "ಪಂಪ್‌ಸೆಟ್ಟಿನ ಎಂಜಿನ್ ಎಳೀತಾ ಇಲ್ಲ. ಮೆಕ್ಯಾನಿಕ್ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಪವರ್ ಜಾಸ್ತಿ ಮಾಡಿ ಕೊಡ್ತೀನಿ ಅಂದಿದ್ದಾರೆ, ಸ್ವಲ್ಪ ಹಣ ಬೇಕು." ಪಕ್ಕದಲ್ಲಿ ಕುಳಿತವರು, "ನಮ್ಮನೆಯವರ ಗೂಡ್ಸ್ ಗಾಡಿಗೂ ಪಿಕಪ್ ಜಾಸ್ತಿ ಮಾಡಿಸ್ಬೇಕಂತೆ" ಅಂತಾರೆ.

ಈ ಸಾಲ ಕೊಡಬೇಕೋ ಬೇಡವೋ? ಎಂಜಿನ್ ವಿಷಯ ಗಂಡಸರದ್ದು ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ಎಂಜಿನ್ ಕೆಟ್ಟು ನಿಂತರೆ ಕಂತು ಕಟ್ಟೋದು ಯಾರು? ನಾವೇ. ಆದ್ದರಿಂದ ಡೀಸೆಲ್ ಎಂಜಿನ್‌ಗೆ ಶಕ್ತಿ ಎಲ್ಲಿಂದ ಬರುತ್ತದೆ, ಅದನ್ನು ಹೆಚ್ಚಿಸೋದು ಅಂದ್ರೆ ಏನು ಅಂತ ನಾವೂ ತಿಳಿದಿರಬೇಕು. ಇದು ಕಷ್ಟದ ವಿಷಯವಲ್ಲ. ಒಲೆ ಉರಿಸಿದ ಯಾರಿಗೂ ಇದು ಅರ್ಥವಾಗುತ್ತದೆ.

ಒಲೆಯ ಪಾಠ

ಒಲೆಗೆ ಸೌದೆ ತುರುಕಿದ ಮಾತ್ರಕ್ಕೆ ಉರಿ ಜೋರಾಗುತ್ತದೆಯೇ? ಇಲ್ಲ. ಗಾಳಿ ಆಡದಿದ್ದರೆ ಹೊಗೆಯೇ ಬರೋದು. ಊದುಗೊಳವೆಯಿಂದ ಊದಿದಾಗ ಅದೇ ಸೌದೆ ಧಗಧಗ ಉರಿಯುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟೂ ಇಷ್ಟೇ.

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಈ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದರು. ಪೆಟ್ರೋಲ್ ಎಂಜಿನ್ನಿನ ಹಾಗೆ ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಕೆಳಗೆ ಇಳಿಯುವಾಗ ಬರೀ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಮೇಲೆ ಬರುವಾಗ ಆ ಗಾಳಿಯನ್ನು ಸುಮಾರು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲು ಜಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗೋದನ್ನು ನೋಡಿದ್ದೀರಲ್ಲ? ಹಾಗೆಯೇ ಇಲ್ಲಿ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಆಗ ನಾಜಲ್ ಮಂಜಿನ ಹಾಗೆ ಡೀಸೆಲ್ ಚಿಮುಕಿಸುತ್ತದೆ. ಅದು ತಾನೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಆ ದೂಡುವಿಕೆಯೇ ಶಕ್ತಿ.

ಸುಟ್ಟ ಡೀಸೆಲ್ಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ನಮ್ಮ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಸೈಲೆನ್ಸರಿನಲ್ಲಿಯೂ ಎಂಜಿನ್ ತಣಿಸುವ ನೀರಿನಲ್ಲಿಯೂ ಬಿಸಿಯಾಗಿ ಹೋಗುತ್ತದೆ. ಡೀಸೆಲ್ ಹೆಚ್ಚು ಸುಟ್ಟಷ್ಟೂ ಈ ಬಿಸಿಯೂ ಹೆಚ್ಚುತ್ತದೆ ಅನ್ನೋದು ನೆನಪಿರಲಿ.

ಗಾಳಿಯ ಲೆಕ್ಕ

ನಮ್ಮ ಕಡೆ ಸಾಮಾನ್ಯವಾಗಿ ಕಾಣುವ 5 ಎಚ್.ಪಿ. ಪಂಪ್‌ಸೆಟ್ ಎಂಜಿನ್ ತೆಗೆದುಕೊಳ್ಳೋಣ. ಒಂದೇ ಸಿಲಿಂಡರ್, ಅಗಲ 80 ಮಿ.ಮೀ., ಪಿಸ್ಟನ್ ಓಡುವ ಉದ್ದ 110 ಮಿ.ಮೀ. ಅಂದ್ರೆ ಒಂದು ಉಸಿರಿಗೆ ಸುಮಾರು 553 ಸಿ.ಸಿ., ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಗಾಳಿ. ನಿಮಿಷಕ್ಕೆ 1500 ಸುತ್ತು ತಿರುಗಿದರೆ ಎರಡು ಸುತ್ತಿಗೆ ಒಂದು ಉಸಿರಿನಂತೆ 750 ಉಸಿರು. ಒಟ್ಟು ಸುಮಾರು 415 ಲೀಟರ್ ಗಾಳಿ. ಅದರ ತೂಕ ಅರ್ಧ ಕೆ.ಜಿ.ಗೂ ಕಡಿಮೆ.

ಒಂದು ಕೆ.ಜಿ. ಡೀಸೆಲ್ ಪೂರ್ತಿ ಸುಡಲು ಲೆಕ್ಕದ ಪ್ರಕಾರ ಸುಮಾರು 14.5 ಕೆ.ಜಿ. ಗಾಳಿ ಸಾಕು. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಡೀಸೆಲ್ಲು ಗಾಳಿಯ ಜೊತೆ ಸರಿಯಾಗಿ ಬೆರೆಯೋದಿಲ್ಲ. ಹೊಗೆ ಬಾರದ ಹಾಗೆ ಸುಡಬೇಕಾದರೆ ಸುಮಾರು 20 ಕೆ.ಜಿ. ಬೇಕು. ಹಾಗಾದರೆ ನಮ್ಮ ಎಂಜಿನ್ ನಿಮಿಷಕ್ಕೆ ಸುಮಾರು 20 ಗ್ರಾಂ, ಗಂಟೆಗೆ ಸುಮಾರು ಒಂದೂವರೆ ಲೀಟರ್ ಡೀಸೆಲ್ ಮಾತ್ರ ಚೆನ್ನಾಗಿ ಸುಡಬಲ್ಲದು. ಪೂರ್ತಿ ಭಾರ ಎಳೆಯುವಾಗ ಅದು ಈಗಾಗಲೇ ಒಂದು ಲೀಟರಿಗಿಂತ ಹೆಚ್ಚು ಕುಡಿಯುತ್ತಿರುತ್ತದೆ. ಮಧ್ಯೆ ಉಳಿದ ಜಾಗ ಬಹಳ ಕಡಿಮೆ. ಸ್ಕ್ರೂ ತಿರುಗಿಸಿ ಸಿಗೋದು ಅಷ್ಟರೊಳಗಿನ ಶಕ್ತಿ ಮಾತ್ರ. ಅದು ಮೀರಿದರೆ ಡೀಸೆಲ್ಲಿನ ದುಡ್ಡು ಕಪ್ಪು ಹೊಗೆಯಾಗಿ ಹೋಗುತ್ತದೆ.

ಮೆಕ್ಯಾನಿಕ್ ಏನೇನು ಬದಲಿಸುತ್ತಾರೆ?

1. ಡೀಸೆಲ್ ಪ್ರಮಾಣ: ಪಂಪಿನಲ್ಲಿ ಗರಿಷ್ಠ ಡೀಸೆಲ್ ಎಷ್ಟು ಹೋಗಬೇಕು ಅನ್ನೋದಕ್ಕೆ ಒಂದು ತಡೆ ಇರುತ್ತದೆ. ಕಂಪನಿಯವರು ಅದನ್ನು ಸೀಲ್ ಮಾಡಿರುತ್ತಾರೆ. ಸೀಲ್ ಒಡೆದು ಹೆಚ್ಚಿಸಿದರೆ ಮೊದಲು ಎಳೆತ ಹೆಚ್ಚಾದಂತೆ ಕಾಣೋದು ನಿಜ. ಆದರೆ ಒಳಗಿನ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದ್ದು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುವ ಲೋಹ. ಉರಿಯ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ನೀರು, ಆಯಿಲ್ ಬಿಸಿಯನ್ನು ಎಳೆದುಕೊಳ್ಳುವುದರಿಂದಲೇ ಪಿಸ್ಟನ್ ಉಳಿದಿರೋದು. ಆ ಮಿತಿ ದಾಟಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

2. ಸ್ಪೀಡು: ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಿ 1500 ಸುತ್ತನ್ನು 1650 ಮಾಡುತ್ತಾರೆ. ನೂರಕ್ಕೆ ಹತ್ತರಷ್ಟು ತಾನೇ ಅನಿಸಬಹುದು. ಆದರೆ ನೀರಿನ ಪಂಪ್ ಕೇಳುವ ಶಕ್ತಿ ಸಾಮಾನ್ಯ ಲೆಕ್ಕದಲ್ಲಿ 1.1 ಗುಣಿಸು 1.1 ಗುಣಿಸು 1.1, ಅಂದ್ರೆ ಶೇಕಡಾ 33ರಷ್ಟು ಏರುತ್ತದೆ. ನೀರು ಸ್ವಲ್ಪ ಹೆಚ್ಚು, ಡೀಸೆಲ್ ಬಹಳ ಹೆಚ್ಚು. ಎಂಜಿನ್ನಿನ ಭಾರದ ಚಕ್ರದ ಮೇಲೆ ಬೀಳುವ ಸೆಳೆತವೂ ಶೇಕಡಾ 21ರಷ್ಟು ಏರುತ್ತದೆ. ಹಳೆಯ ಎರಕದ ಚಕ್ರದಲ್ಲಿ ಬಿರುಕಿದ್ದರೆ ಅದು ಒಡೆದು ಸಿಡಿಯುವ ಅಪಾಯ ಇದೆ. ಮಕ್ಕಳು ಸುತ್ತ ಆಡುವ ಜಾಗ ಅದು, ಮರೆಯಬೇಡಿ.

3. ಟೈಮಿಂಗ್: ಪಿಸ್ಟನ್ ಮೇಲೆ ಬರುವ ಸ್ವಲ್ಪ ಮುಂಚೆ ಡೀಸೆಲ್ ಚಿಮ್ಮಬೇಕು. ಬಹಳ ಮುಂಚೆ ಚಿಮ್ಮಿದರೆ ಎಂಜಿನ್ ಕಟಕಟ ಬಡಿಯುತ್ತದೆ, ಬೇರಿಂಗ್ ಸವೆಯುತ್ತದೆ. ತಡವಾದರೆ ಶಕ್ತಿ ಕಡಿಮೆ, ಬಿಸಿ ಜಾಸ್ತಿ. ಕಂಪನಿಯ ಪುಸ್ತಕದಲ್ಲಿ ಇರುವ ಗುರುತೇ ಸರಿ.

4. ನಾಜಲ್: ಡೀಸೆಲ್ ಮಂಜಿನಂತೆ ಬಂದರೆ ಪೂರ್ತಿ ಸುಡುತ್ತದೆ, ತೊಟ್ಟಿಕ್ಕಿದರೆ ಸುಡೋದಿಲ್ಲ. ನಾಜಲ್ಲನ್ನು ಟೆಸ್ಟರಿನಲ್ಲಿಟ್ಟು ಪರೀಕ್ಷೆ ಮಾಡಿಸೋದು ಒಳ್ಳೆಯ ಖರ್ಚು. ಪರೀಕ್ಷೆ ಮಾಡುವಾಗ ಯಾರೂ ಕೈ ಅಡ್ಡ ಹಿಡಿಯಬಾರದು. ಆ ರಭಸಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗೂಡ್ಸ್ ಗಾಡಿಯ ಮಾತು

ಈಗಿನ ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಟರ್ಬೊ ಇರುತ್ತದೆ. ಅದೇ ಎಂಜಿನ್ನಿನ ಊದುಗೊಳವೆ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಿಕ್ಕ ಚಕ್ರ ತಿರುಗುತ್ತದೆ, ಅದು ಇನ್ನೊಂದು ಚಕ್ರವನ್ನು ತಿರುಗಿಸಿ ಒಳಗೆ ಹೆಚ್ಚು ಗಾಳಿ ತುಂಬುತ್ತದೆ. ಆ ಗಾಳಿಯನ್ನು ತಣ್ಣಗೆ ಮಾಡುವುದೇ ಇಂಟರ್‌ಕೂಲರ್. ತಣ್ಣಗಿನ ಗಾಳಿ ಒತ್ತಾಗಿರುತ್ತದೆ, ಹೆಚ್ಚು ಡೀಸೆಲ್ ಸುಡುತ್ತದೆ. ಶಕ್ತಿ ಹೆಚ್ಚಿಸುವ ಸರಿಯಾದ ದಾರಿ ಇದು. ಆದರೆ ಇದಕ್ಕೆ ತಕ್ಕ ಪಿಸ್ಟನ್, ಬೇರಿಂಗ್, ಕ್ಲಚ್ ಎಲ್ಲವೂ ಬೇಕು. ಕಂಪನಿಯವರು ಇವನ್ನೆಲ್ಲ ಒಟ್ಟಿಗೆ ಯೋಚಿಸಿ ಮಾಡಿರುತ್ತಾರೆ. ಹಳೆಯ ಎಂಜಿನ್‌ಗೆ ಬರೀ ಟರ್ಬೊ ಕಟ್ಟಿದರೆ ಸಾಲದು.

ಹೊಸ ಗಾಡಿಗಳಲ್ಲಿ ಸ್ಕ್ರೂ ಬದಲು ಕಂಪ್ಯೂಟರ್ ಪೆಟ್ಟಿಗೆ ಇರುತ್ತದೆ. ಅದರಲ್ಲಿನ ಲೆಕ್ಕ ಬದಲಿಸಿ ಡೀಸೆಲ್ಲನ್ನೂ ಟರ್ಬೊ ಗಾಳಿಯನ್ನೂ ಹೆಚ್ಚಿಸುತ್ತಾರೆ. ಇದರಿಂದ ಎಳೆತ ಹೆಚ್ಚೋದು ನಿಜ. ಆದರೆ ಕ್ಲಚ್, ಗೇರ್‌ಬಾಕ್ಸ್, ಟರ್ಬೊ ಮೇಲಿನ ಹೊರೆಯೂ ಹೆಚ್ಚುತ್ತದೆ, ವಾರಂಟಿ ಕೈತಪ್ಪಬಹುದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಸಾಮಾನ್ಯ. ಡೀಸೆಲ್ ಜಾಸ್ತಿ ಮಾಡಿದರೆ ಅದು ಕಟ್ಟಿಕೊಳ್ಳುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸಬಾರದು. 2019ರ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹೊಣೆ ಗಾಡಿಯ ಮಾಲೀಕರದ್ದು, ಮೆಕ್ಯಾನಿಕ್ಕಿನದ್ದು ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಆ ಮಾಲೀಕರು ನೀವೇ.

ಕಳೆದುಹೋದ ಶಕ್ತಿಯನ್ನು ಮೊದಲು ಹುಡುಕಿ

ನಿನ್ನೆ ಮೊನ್ನೆಯವರೆಗೆ ಚೆನ್ನಾಗಿ ಎಳೆಯುತ್ತಿದ್ದ ಎಂಜಿನ್ ಇಂದು ಎಳೆಯದಿದ್ದರೆ ಅದಕ್ಕೆ ಹೊಸ ಶಕ್ತಿ ಬೇಕಾಗಿಲ್ಲ. ಇದ್ದ ಶಕ್ತಿ ಎಲ್ಲೋ ಸೋರಿದೆ. ಈ ಕ್ರಮದಲ್ಲಿ ನೋಡಿಸಿ:

• ಏರ್ ಫಿಲ್ಟರ್ ಧೂಳು ಕಟ್ಟಿದೆಯೇ? ಆಯಿಲ್ ಹಾಕುವ ಫಿಲ್ಟರ್ ಆದರೆ ತೊಳೆದು ಹೊಸ ಆಯಿಲ್ ಹಾಕಬೇಕು.
• ಡೀಸೆಲ್ ಫಿಲ್ಟರ್ ಕಟ್ಟಿದೆಯೇ? ಟ್ಯಾಂಕಿನಲ್ಲಿ ನೀರು, ಪೈಪಿನಲ್ಲಿ ಗಾಳಿ ಸೇರಿದೆಯೇ?
• ಸೈಲೆನ್ಸರಿನಲ್ಲಿ ಮಸಿ ತುಂಬಿದೆಯೇ? ಹೊಗೆ ಹೋಗದಿದ್ದರೆ ಹೊಸ ಗಾಳಿ ಬರೋದಿಲ್ಲ.
• ಟ್ಯಾಪೆಟ್ ಸಂದು, ಟೈಮಿಂಗ್ ಸರಿಯಿದೆಯೇ?
• ನಾಜಲ್ ತೊಟ್ಟಿಕ್ಕುತ್ತಿದೆಯೇ?
• ಎಲ್ಲಾ ಸರಿಯಿದ್ದೂ ಎಳೆಯದಿದ್ದರೆ ರಿಂಗ್, ಲೈನರ್ ಸವೆದಿರಬಹುದು. ಇದು ದೊಡ್ಡ ಖರ್ಚು, ಆದ್ದರಿಂದ ಕೊನೆಗೆ.

ಪಂಪ್‌ಸೆಟ್ಟಿನಲ್ಲಿ ಬೆಲ್ಟ್ ಜಾರುತ್ತಿದೆಯೇ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ ಅಂತಲೂ ನೋಡಿ. ಎಷ್ಟೋ ಸಲ ತಪ್ಪು ಎಂಜಿನ್ನಿನದ್ದೇ ಅಲ್ಲ.

ಎತ್ತರದ ಊರಿನವರಿಗೆ ಒಂದು ಮಾತು. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ 100 ಮೀಟರಿಗೆ ಸುಮಾರು ಶೇಕಡಾ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚೆನ್ನಾಗಿ ಎಳೆದ ಎಂಜಿನ್ 1,100 ಮೀಟರಿನಷ್ಟು ಎತ್ತರದ ಮಡಿಕೇರಿಯಲ್ಲಿ ಸ್ವಲ್ಪ ಸೋತರೆ ಅದು ಗಾಳಿಯ ಕೊರತೆ. ಸ್ಕ್ರೂ ತಿರುಗಿಸಿದರೆ ಬರೋದು ಹೊಗೆ.

ಹೊಗೆ ಏನು ಹೇಳುತ್ತದೆ?

ಕಪ್ಪು ಹೊಗೆ: ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ: ಡೀಸೆಲ್ ಸುಡದೆ ಹೋಗುತ್ತಿದೆ, ಅಥವಾ ಒಳಗೆ ನೀರು ಸೇರಿದೆ.

ಈ ಹೊಗೆ ಬರೀ ದುಡ್ಡಿನ ನಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಿಟ್ಟಿನ ಗಿರಣಿ ನಡೆಸುವ ಸಂಘಗಳು ಎಂಜಿನ್ನನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಹೊಗೆಯ ಪೈಪು ಗೋಡೆಯಾಚೆ, ಎತ್ತರಕ್ಕೆ ಹೋಗಲಿ.

ನಮ್ಮ ಕೈಯಲ್ಲೇ ಇರುವ ಪರೀಕ್ಷೆ

ಲೆಕ್ಕ ಇಡೋದು ನಮಗೆ ಹೊಸದಲ್ಲ. ಅಳೆದು ಒಂದು ಲೀಟರ್ ಡೀಸೆಲ್ ಹಾಕಿ, ಎಂಜಿನ್ ಎಷ್ಟು ನಿಮಿಷ ಓಡಿತು, ಅಷ್ಟರಲ್ಲಿ ತೊಟ್ಟಿ ಎಷ್ಟು ತುಂಬಿತು ಅಂತ ಬರೆದಿಡಿ. ಗಾಡಿಯಾದರೆ ಲೀಟರಿಗೆ ಎಷ್ಟು ಕಿಲೋಮೀಟರ್, ಎಷ್ಟು ಲೋಡು. ರಿಪೇರಿ ಆದ ಮೇಲೆ ಮತ್ತೊಮ್ಮೆ ಅಳೆಯಿರಿ. ಲೀಟರಿಗೆ ನೀರು ಹೆಚ್ಚು ಬಂದರೆ ಕೆಲಸ ಸರಿಯಾಗಿದೆ. ಸದ್ದು, ಹೊಗೆ, ಡೀಸೆಲ್ ಮಾತ್ರ ಹೆಚ್ಚಾಗಿದ್ದರೆ ಎಂಜಿನ್ನನ್ನು ಕಂಪನಿಯ ಅಳತೆಗೆ ವಾಪಸ್ ತರಿಸಿ.

ಇಷ್ಟೆಲ್ಲ ಮಾಡಿಯೂ ಶಕ್ತಿ ಸಾಲದಿದ್ದರೆ, ಕೆಲಸಕ್ಕೆ ಎಂಜಿನ್ ಚಿಕ್ಕದಾಯ್ತು ಅಂತ ಅರ್ಥ. ಆಗ ಮುರಿದು ಮುರಿದು ರಿಪೇರಿಗೆ ಸಾಲ ಮಾಡೋದಕ್ಕಿಂತ ದೊಡ್ಡ ಎಂಜಿನ್ನಿನ ಬಗ್ಗೆ ಯೋಚಿಸೋದು ಲೇಸು.

ಸಭೆಯಲ್ಲಿ ಚರ್ಚಿಸಿ

1. ಈ ಎಂಜಿನ್ ಮೊದಲು ಚೆನ್ನಾಗಿ ಎಳೆಯುತ್ತಿತ್ತೇ? ಯಾವಾಗಿನಿಂದ ಕಡಿಮೆಯಾಯಿತು?
2. ಫಿಲ್ಟರ್, ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ? ರಸೀದಿ ಇದೆಯೇ?
3. ಸಾಲ ಕೇಳುತ್ತಿರುವುದು ರಿಪೇರಿಗೋ, ಸೀಲ್ ಒಡೆದು ಶಕ್ತಿ ಹೆಚ್ಚಿಸಲಿಕ್ಕೋ?
4. ಎಂಜಿನ್ ಒಂದು ತಿಂಗಳು ನಿಂತರೆ ಕಂತು ಎಲ್ಲಿಂದ ಬರುತ್ತದೆ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಆಮೇಲೆ ಸಾಲದ ತೀರ್ಮಾನ ಮಾಡಿ.