ಲಾರ್ಚ್ ಹೊನ್ನಾಗುವ ವಾರಗಳಲ್ಲಿ ಕೊಲ್ಚಕ್ ಚಾರಣ

ಅಮೆರಿಕದ ವಾಷಿಂಗ್ಟನ್ ರಾಜ್ಯವನ್ನು ಉತ್ತರ ದಕ್ಷಿಣವಾಗಿ ಸೀಳಿಕೊಂಡು ಹೋಗುವ ಕ್ಯಾಸ್ಕೇಡ್ ಪರ್ವತಶ್ರೇಣಿಯ ಪೂರ್ವದ ಮಗ್ಗುಲಿನಲ್ಲಿ, ಲೆವನ್‌ವರ್ತ್ ಎಂಬ ಪುಟ್ಟ ಊರಿನ ಸಮೀಪದಲ್ಲಿರುವ ಕೊಲ್ಚಕ್ ಸರೋವರವು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಕುಕ್ಕೆಯಿಂದ ಏರುವ ಕುಮಾರ ಪರ್ವತದ ನೆತ್ತಿಯೂ ಹೆಚ್ಚುಕಡಿಮೆ ಇಷ್ಟೇ ಎತ್ತರದ್ದು, 1,712 ಮೀಟರ್. ಆದರೆ ಒಂದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದು ಶೋಲಾ ಕಾಡನ್ನೂ ಹುಲ್ಲುಗಾವಲನ್ನೂ ಪೋಷಿಸುತ್ತಿದ್ದರೆ, ಮತ್ತೊಂದು 47 ಡಿಗ್ರಿಯನ್ನು ದಾಟಿರುವುದರಿಂದ ಅದರ ಮೇಲ್ಗಡೆಯ ಇಳಿಜಾರಿನಲ್ಲಿ ಇಂದಿಗೂ ಹಿಮನದಿಯ ತುಣುಕುಗಳು ಉಳಿದುಕೊಂಡಿವೆ. ಎತ್ತರದ ಅಂಕಿಯೊಂದನ್ನೇ ನಂಬಿ ಪರ್ವತವನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಚಾರಣದ ದಾರಿ ಒಂದು ಕಡೆಗೆ ಸುಮಾರು ಆರೂವರೆ ಕಿಲೋಮೀಟರ್ ಉದ್ದವಿದ್ದು, ಒಟ್ಟು ಏರು 700 ಮೀಟರಿನಷ್ಟಿದೆ. ಕುಮಾರ ಪರ್ವತದ ಏರು ಇದರ ಎರಡು ಪಟ್ಟಿಗೂ ಮಿಗಿಲಾದುದರಿಂದ, ಪಶ್ಚಿಮಘಟ್ಟದಲ್ಲಿ ಪಳಗಿ ಈಗ ಸಿಯಾಟಲ್ ಸುತ್ತಮುತ್ತ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಕನ್ನಡಿಗರಿಗೆ ಇದು ಹಗುರವೆಂದು ತೋರುವುದು ಸಹಜ. ಮೌಂಟನೀರ್ ತೊರೆಯ ಪಕ್ಕದಲ್ಲಿ ಕಾಡಿನ ನೆರಳಿನಲ್ಲಿ ಸಾಗುವ ಮೊದಲರ್ಧವು ಆ ಭಾವನೆಯನ್ನು ಬಲಪಡಿಸುತ್ತದೆ ಕೂಡ. ಸ್ಟುವರ್ಟ್ ಸರೋವರದ ಹಾದಿ ಕವಲೊಡೆದ ಮೇಲೆ ಸೇತುವೆ ದಾಟಿ, ಉರುಳಿಬಿದ್ದ ಗ್ರಾನೈಟ್ ಬಂಡೆಗಳ ಹಾಸನ್ನು ಹಾಯ್ದು, ಬೇರು ಮತ್ತು ಕಲ್ಲುಗಳ ನಡುವೆ ಅಂಕುಡೊಂಕಾಗಿ ಏರುವ ಕಡಿದಾದ ಭಾಗ ಶುರುವಾದಾಗ ಮಾತ್ರ ದಾರಿಯ ನಿಜವಾದ ಗುಣ ತಿಳಿಯುತ್ತದೆ.

ಈ ಬಂಡೆಗಳನ್ನು ಚೆಲ್ಲಾಡಿದ್ದೂ ಸರೋವರದ ಗುಂಡಿಯನ್ನು ಅಗೆದದ್ದೂ ಹಿಮನದಿಯೇ. ವರ್ಷವರ್ಷವೂ ಬಿದ್ದ ಹಿಮವು ತನ್ನ ಭಾರದಿಂದಲೇ ಗಟ್ಟಿಯಾಗಿ, ಇಳಿಜಾರಿನಲ್ಲಿ ನಿಧಾನವಾಗಿ ಸರಿಯುವ ಮಂಜುಗಡ್ಡೆಯ ರಾಶಿಯನ್ನು ಹಿಮನದಿ ಎನ್ನುತ್ತಾರೆ. ಅದು ಸರಿಯುವಾಗ ಅಡಿಯ ಶಿಲೆಯನ್ನು ಉಜ್ಜಿ, ರಾಗಿಹಿಟ್ಟಿಗಿಂತಲೂ ನುಣುಪಾದ ಕಲ್ಲುಹುಡಿಯನ್ನು ಉಂಟುಮಾಡುತ್ತದೆ. ಕರಗಿದ ನೀರಿನೊಡನೆ ಸರೋವರ ಸೇರುವ ಈ ಹುಡಿಯು ತಳಕ್ಕಿಳಿಯದೆ ತೇಲುತ್ತಾ ಬೆಳಕಿನ ನೀಲಿ ಹಸಿರು ಕಿರಣಗಳನ್ನು ಚದುರಿಸುವುದರಿಂದ ನೀರಿಗೆ ಆ ವಿಶಿಷ್ಟವಾದ ಪಚ್ಚೆನೀಲಿ ಬಣ್ಣ ಬರುತ್ತದೆ.

ಆದರೆ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮಧ್ಯದವರೆಗೆ ಜನರನ್ನು ಇತ್ತ ಸೆಳೆಯುವುದು ನೀರಿಗಿಂತ ಹೆಚ್ಚಾಗಿ ಆಲ್ಪೈನ್ ಲಾರ್ಚ್ ಎಂಬ ಮರ. ಪೈನ್, ಫರ್ ಮೊದಲಾದ ಸೂಜಿಯೆಲೆಯ ಮರಗಳು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಲಾರ್ಚ್ ಆ ಬಳಗಕ್ಕೇ ಸೇರಿದ್ದರೂ ಪ್ರತಿ ಶರತ್ಕಾಲದಲ್ಲಿ ಎಲ್ಲ ಸೂಜಿಗಳನ್ನೂ ಉದುರಿಸುತ್ತದೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಬೇರುಗಳಿಗೆ ನೀರು ದಕ್ಕುವುದಿಲ್ಲ, ಗಾಳಿ ಬಿಸಿಲುಗಳು ಮಾತ್ರ ಎಲೆಯ ತೇವವನ್ನು ಹೀರುತ್ತಲೇ ಇರುತ್ತವೆ; ಎಲೆಗಳನ್ನೇ ತೊರೆದ ಮರಕ್ಕೆ ಈ ಒಣಗುವಿಕೆಯ ಅಪಾಯ ಬಹಳ ಕಡಿಮೆ. ತೊರೆಯುವ ಮುನ್ನ ಅದು ಪತ್ರಹರಿತ್ತನ್ನು, ಅಂದರೆ ಎಲೆಗೆ ಹಸಿರು ಬಣ್ಣ ಕೊಟ್ಟು ಬೆಳಕಿನಿಂದ ಆಹಾರ ತಯಾರಿಸುವ ವಸ್ತುವನ್ನು, ವಿಭಜಿಸಿ ಸಾರಜನಕವನ್ನು ರೆಂಬೆಗಳಿಗೆ ಹಿಂದಕ್ಕೆಳೆದುಕೊಳ್ಳುತ್ತದೆ, ಆಗ ಅದುವರೆಗೆ ಮರೆಯಾಗಿದ್ದ ಹಳದಿ ವರ್ಣದ್ರವ್ಯಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಬೇರೆ ಮರಗಳು ನಿಲ್ಲಲಾರದ ಕಲ್ಲುನೆಲದಲ್ಲಿ ಬಹಳ ನಿಧಾನವಾಗಿ ಬೆಳೆದು ನೂರಾರು ವರ್ಷ ಬಾಳುವ ಈ ಮರದ ಹೊನ್ನು ಬಣ್ಣವು, ಚಾರಣಿಗನನ್ನು ಕಾಡುವ ಅದೇ ಚಳಿಯ ಫಲ.

ಆ ಚಳಿಯನ್ನು ಲಘುವಾಗಿ ಎಣಿಸುವಂತಿಲ್ಲ. 700 ಮೀಟರ್ ಏರುವಷ್ಟರಲ್ಲಿ ಉಷ್ಣತೆ ಸಾಮಾನ್ಯವಾಗಿ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಏರುವಾಗ ಬೆವರಿನಿಂದ ತೊಯ್ದ ಹತ್ತಿಯ ಬಟ್ಟೆಯು ಮೇಲೆ ನಿಂತು ವಿಶ್ರಮಿಸುವಾಗ ಮೈಯ ಶಾಖವನ್ನೇ ಕದಿಯುವುದರಿಂದ, ಉಣ್ಣೆ ಅಥವಾ ಬೇಗ ಆರುವ ಕೃತಕ ನೂಲಿನ ಉಡುಪು ಅಗತ್ಯ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಗೆ ಹೈಪೋಥರ್ಮಿಯಾ ಎಂದು ಹೆಸರು. ಅದು ಮೊದಲು ಕೆಡಿಸುವ ಸಂಗತಿಗಳಲ್ಲಿ ವಿವೇಚನಾಶಕ್ತಿಯೂ ಒಂದಾದುದರಿಂದ, ಅಪಾಯದಲ್ಲಿರುವವರಿಗೆ ತಮ್ಮ ಅಪಾಯ ತಿಳಿಯದೇ ಹೋಗಬಹುದು. ಹಗಲೂ ಇಲ್ಲಿ ಬಹುಬೇಗ ಮೊಟಕಾಗುತ್ತದೆ. ಅಕ್ಟೋಬರಿನಲ್ಲಿ ಪ್ರತಿದಿನ ಮೂರು ನಿಮಿಷಕ್ಕೂ ಹೆಚ್ಚು ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ, ಮೇಲಾಗಿ ದಕ್ಷಿಣಕ್ಕೆ ಸುಮಾರು 2,700 ಮೀಟರ್ ಎತ್ತರದ ಡ್ರ್ಯಾಗನ್‌ಟೇಲ್ ಶಿಖರ ಗೋಡೆಯಂತೆ ನಿಂತಿರುವುದರಿಂದ ಸೂರ್ಯಾಸ್ತಕ್ಕೆ ಬಹಳ ಮೊದಲೇ ದಂಡೆಯ ಮೇಲೆ ನೆರಳು ಬೀಳುತ್ತದೆ. ತಲೆಗೆ ಕಟ್ಟುವ ದೀಪವಿಲ್ಲದೆ ಹೊರಡುವುದು ತಪ್ಪು.

ಸರೋವರದ ಆಚೆ ತುದಿಯಿಂದ ಆಸ್‌ಗಾರ್ಡ್ ಕಣಿವೆದಾರಿ ಒಂದೂವರೆ ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿ ಮತ್ತೆ 670 ಮೀಟರಿನಷ್ಟು ಮೇಲೇರಿ, ಲಾರ್ಚ್‌ಗಳು ದಟ್ಟವಾಗಿರುವ ಎನ್‌ಚಾಂಟ್‌ಮೆಂಟ್ಸ್ ಎಂಬ ಮೇಲ್ನಾಡನ್ನು ತಲುಪುತ್ತದೆ. ಅಲ್ಲಿ ರಾತ್ರಿ ತಂಗಲು ಅನುಮತಿ ಲಾಟರಿಯ ಮೂಲಕ ಸಿಗುವಂಥದ್ದು, ಹಗಲಿನ ಚಾರಣಕ್ಕಾದರೋ ದಾರಿಯ ಬುಡದಲ್ಲೇ ಉಚಿತ ಪತ್ರವೊಂದನ್ನು ತುಂಬಿದರೆ ಸಾಕು. ಹೀಗಾಗಿ ಅನೇಕರು ಇಡೀ ಮೇಲ್ನಾಡನ್ನು ಒಂದೇ ದಿನದಲ್ಲಿ ದಾಟಲು ಹೊರಡುತ್ತಾರೆ. ಬಂಡೆಗಳ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟುವ ಈ ವಾರಗಳಲ್ಲಿ ಆ ಏರು ಅನುಭವಿಗಳಿಗೂ ಕಠಿಣವೇ. ಉಳಿದವರು ದಂಡೆಯಲ್ಲೇ ನಿಂತು ಎದುರಿನ ಇಳಿಜಾರಿನ ಮರಗಳನ್ನು ನೋಡಿ, ಬೆಳಕಿರುವಾಗಲೇ ಬಂಡೆಗಳ ಹಾಸನ್ನು ದಾಟಿ ಇಳಿಯುವುದು ಲೇಸು.