ಲಕ್ಷಣ ಒಂದೇ, ಜ್ವರ ಎರಡು

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಕಡೆ ಹಂದಿ ಸಾಕುವವರು 2022ರ ಅಕ್ಟೋಬರನ್ನು ಮರೆತಿರಲಾರರು. ಮಂಗಳೂರು ಬಳಿಯ ನೀರುಮಾರ್ಗದ ಫಾರ್ಮೊಂದರಲ್ಲಿ ಹಂದಿಗಳು ಸಾಲಾಗಿ ಸತ್ತು, ಅದು ಆಫ್ರಿಕನ್ ಹಂದಿಜ್ವರವೆಂದು ಖಚಿತವಾಯಿತು. ಮರುವರ್ಷದ ಆರಂಭದಲ್ಲೇ ಕಾಸರಗೋಡಿನ ಎಣ್ಮಕಜೆಯಿಂದಲೂ ಅದೇ ಸುದ್ದಿ ಬಂತು. ಕ್ರಿಸ್ಮಸ್‌ಗೆ, ಮದುವೆಗೆಂದು ಹಂದಿ ಬೆಳೆಸಿ ಸಾಲ ತೀರಿಸುವ ಮನೆಗಳಿಗೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ.

ಗೂಡಿನ ಬಾಗಿಲಲ್ಲಿ ನಿಂತು ನೋಡಿದರೆ ಯಾವ ಜ್ವರವೆಂದು ಹೇಳಲಾಗದು. ಹಂದಿ ಮೇವು ಬಿಡುತ್ತದೆ, ಮೈ ಸುಡುತ್ತದೆ, ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ, ಕಿವಿಯೂ ಹೊಟ್ಟೆಯ ಚರ್ಮವೂ ನೀಲಿಗಟ್ಟುತ್ತವೆ. ನಮ್ಮಲ್ಲಿ ಹಿಂದಿನಿಂದ ಇರುವ ಹಂದಿಜ್ವರದ ಲಕ್ಷಣವೂ ಇದೇ. ಶವಪರೀಕ್ಷೆಯಲ್ಲಿ ಗುಲ್ಮ ಕಪ್ಪಾಗಿ ಊದಿಕೊಂಡಿದ್ದರೆ ವೈದ್ಯರಿಗೆ ಅನುಮಾನ ಬಲವಾಗುತ್ತದೆ, ಅಷ್ಟೆ. ಅದರ ತುಂಡನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಲೇಬೇಕು.

ಈ ಗೊಂದಲ ಹಳೆಯದು. ಅಮೆರಿಕದಲ್ಲಿ ಹಾಗ್ ಕಾಲರಾ ಎನ್ನುತ್ತಿದ್ದ ಹಂದಿಜ್ವರಕ್ಕೆ 1885ರಲ್ಲಿ ವಿಜ್ಞಾನಿಗಳಾದ ಸಾಲ್ಮನ್ ಮತ್ತು ಸ್ಮಿತ್ ಒಂದು ಬ್ಯಾಕ್ಟೀರಿಯಾವನ್ನು ಹೊಣೆ ಮಾಡಿದರು. ಸಾಲ್ಮೊನೆಲ್ಲಾ ಎಂಬ ಹೆಸರು ಹುಟ್ಟಿದ್ದು ಆ ತಪ್ಪು ಹುಡುಕಾಟದಿಂದ. ಬ್ಯಾಕ್ಟೀರಿಯಾ ದಾಟದಂತೆ ಸೋಸಿದ ರಕ್ತದಿಂದಲೂ ರೋಗ ಬರುತ್ತದೆಂದು 1903ರಲ್ಲಿ ಡಿ ಶ್ವೈನಿಟ್ಜ್, ಡಾರ್ಸೆಟ್ ತೋರಿಸಿದರು. ಕಾರಣ ವೈರಸ್. ಮುಂದೆ ಕೀನ್ಯಾದಲ್ಲಿ ಪಶುವೈದ್ಯ ಮಾಂಟ್‌ಗೊಮೆರಿ ಇನ್ನೊಂದು ವಿಚಿತ್ರ ಕಂಡರು. ಯುರೋಪಿನವರು ಸಾಕಿದ ಹಂದಿಗಳು ಸಾಯುತ್ತಿದ್ದವು, ಅಲ್ಲಿನ ಕಾಡುಹಂದಿಗಳು ಮಾತ್ರ ವೈರಸ್ ಹೊತ್ತೂ ಆರಾಮವಾಗಿದ್ದವು. ಹಳೆಯ ಜ್ವರದ ಸೀರಂ ಇಲ್ಲಿ ಫಲ ಕೊಡಲಿಲ್ಲ. ಇದು ಬೇರೆಯೇ ರೋಗವೆಂದು 1921ರಲ್ಲಿ ಬರೆದರು. ಅದೇ ಆಫ್ರಿಕನ್ ಹಂದಿಜ್ವರ.

ಹೆಸರು ಸರಿಯಾಗಿ ತಿಳಿಯುವುದು ಸಾಕುವವರಿಗೆ ಜೀವನದ ಪ್ರಶ್ನೆ. ಹಳೆಯ ಜ್ವರಕ್ಕೆ ಲಸಿಕೆಯಿದೆ. ಹಿಂದೆ ಮೊಲದ ಗುಲ್ಮದಿಂದ ತೆಗೆಯುತ್ತಿದ್ದ ಅದನ್ನು ಕೋಶಗಳಲ್ಲೇ ಬೆಳೆಸುವ ವಿಧಾನವನ್ನು ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ರೂಪಿಸಿ, 2020ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿತು. ಮೂರೇ ತಿಂಗಳಿಗೆ ಅಸ್ಸಾಮಿನಲ್ಲಿ ಆಫ್ರಿಕನ್ ಜ್ವರ ದೃಢಪಟ್ಟಿತು. ಅದಕ್ಕೆ ಆ ಲಸಿಕೆ ನಾಟುವುದಿಲ್ಲ. ರೋಗ ಬಂದ ಜಾಗದ ಸುತ್ತ ಒಂದು ಕಿ.ಮೀ. ವ್ಯಾಪ್ತಿಯಲ್ಲಿ ಆರೋಗ್ಯವಾಗಿರುವ ಹಂದಿಗಳನ್ನೂ ಕೊಲ್ಲುತ್ತಾರೆ.

ಎರಡನ್ನೂ ಬೇರೆ ಮಾಡುವುದು ಪಿಸಿಆರ್. ಹಳೆಯದರ ಆರ್‌ಎನ್‌ಎ ಸುಮಾರು 12,300 ಅಕ್ಷರ ಉದ್ದ. ಆಫ್ರಿಕನ್ನಿನದು ಡಿಎನ್‌ಎ, 1,70,000ಕ್ಕೂ ಮೇಲೆ. ಅಷ್ಟನ್ನೂ ಓದುವ ಬದಲು ಪಿ72 ಎಂಬ ಪ್ರೋಟೀನಿನ ಜೀನಿನ ತುದಿಯ ಸುಮಾರು 400 ಅಕ್ಷರಗಳನ್ನು ಓದಿ ಗುಂಪು ಹೇಳುವ ವಿಧಾನ 2003ರಲ್ಲಿ ಬಂತು. ಇಪ್ಪತ್ತಕ್ಕೂ ಹೆಚ್ಚು ಗುಂಪುಗಳು, ಅಂದರೆ ಜೀನೋಟೈಪ್‌ಗಳು, ಎಣಿಕೆಗೆ ಸಿಕ್ಕವು. ಭಾರತಕ್ಕೆ ಬಂದದ್ದು ಎರಡನೆಯದು: 2007ರಲ್ಲಿ ಜಾರ್ಜಿಯಾದಲ್ಲಿ, 2018ರಲ್ಲಿ ಚೀನಾದಲ್ಲಿ ಕಂಡ ಗುಂಪು.

1957ರಲ್ಲಿ ಲಿಸ್ಬನ್‌ಗೆ ಹೊಕ್ಕಿದ್ದು ಒಂದನೇ ಗುಂಪು. ದಾರಿ ಮಾಡಿಕೊಟ್ಟದ್ದು ವಿಮಾನದ ಊಟದ ಮುಸುರೆ. ನಮ್ಮಲ್ಲೂ ಹೋಟೆಲ್ ಮುಸುರೆಯೇ ಹಂದಿಯ ಮೇವು. ಚೆನ್ನಾಗಿ ಕುದಿಸಿದರೆ ವೈರಸ್ ಸಾಯುತ್ತದೆ, ಆದರೆ ಅಷ್ಟು ಸೌದೆಗೆ ಸಣ್ಣ ಸಾಕಣೆಗಾರನ ಕೈಯಲ್ಲಿ ಹಣವೆಲ್ಲಿ? ಅದಕ್ಕೆ ನೆರವು ಬೇಕು ಎಂದೇ ನನ್ನ ಒತ್ತಾಯ.

ಈಗ ಚೀನಾದಲ್ಲಿ ಒಂದು ಮತ್ತು ಎರಡನೇ ಗುಂಪು ಬೆರೆತ ವೈರಸ್ ಕಂಡುಬಂದಿದೆ. ಪಿ72 ಮಾತ್ರ ಓದಿದರೆ ಆ ಬೆರಕೆ ತಿಳಿಯುವುದಿಲ್ಲ. ನಮ್ಮ ಲ್ಯಾಬುಗಳು ಇನ್ನಷ್ಟು ಉದ್ದ ಓದಬೇಕಾಗಿದೆ.