ಚೀನಾದಲ್ಲಿ ಕಮ್ಯೂನಿಸ್ಟ್ ಚಳವಳಿಯ ಉದಯ

ಚೀನಾದ ಕಮ್ಯೂನಿಸ್ಟ್ ಚಳವಳಿಯೆಂದೊಡನೆ ಬಂದೂಕು ಹಿಡಿದ ರೈತರ ಪಡೆಯೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ಆದರೆ ಅದು ಮೊಳೆತುದು ಹೊಲಗದ್ದೆಗಳಲ್ಲಲ್ಲ; ಒಂದು ಪತ್ರಿಕೆಯ ಪುಟಗಳಲ್ಲಿ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ.

1912ರಲ್ಲಿ ಚಕ್ರವರ್ತಿಯ ಆಳ್ವಿಕೆ ಕೊನೆಗೊಂಡು ಗಣರಾಜ್ಯವೇನೋ ಹುಟ್ಟಿತು. ಅಧಿಕಾರವು ಮಾತ್ರ ಸೇನಾಧಿಪತಿಗಳ ಕೈಸೇರಿತು. ಜನರ ಮನಸ್ಸು ಮಾರ್ಪಡದೆ ಹೊಸ ರಾಜ್ಯ ನಿಲ್ಲದೆಂದು ಬಗೆದ ಚೆನ್ ತು-ಶಿಯು ಎಂಬ ವಿದ್ವಾಂಸನು 1915ರಲ್ಲಿ ಶಾಂಘಾಯಿಯಿಂದ ಪತ್ರಿಕೆಯೊಂದನ್ನು ಹೊರಡಿಸಿದನು. ‘ನವ ತಾರುಣ್ಯ’ವೆಂಬ ಅರ್ಥದ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಪಂಡಿತರಿಗಷ್ಟೇ ತಿಳಿಯುವ ಪ್ರಾಚೀನ ಗ್ರಂಥಭಾಷೆಯನ್ನು ಬಿಟ್ಟು ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ ಬರೆಯಬೇಕೆಂದು ಅದು ವಾದಿಸಿತು. ಹಳಗನ್ನಡ ಪದ್ಯಗಳೊಡನೆ ಹೆಣಗುವ ನಮ್ಮ ವಿದ್ಯಾರ್ಥಿಗಳಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ!

ಪೀಕಿಂಗ್ ವಿಶ್ವವಿದ್ಯಾಲಯದ ಗ್ರಂಥಪಾಲನಾಗಿದ್ದ ಲಿ ತಾ-ಚಾವೊ 1918ರಲ್ಲಿ ಇದೇ ಪತ್ರಿಕೆಯಲ್ಲಿ ರಷ್ಯದ ಕ್ರಾಂತಿಯನ್ನು ಕೊಂಡಾಡಿ ಲೇಖನ ಬರೆದನು. ಅವನ ಕೈಕೆಳಗೆ ತಿಂಗಳಿಗೆ 8 ಯುವಾನ್ ಸಂಬಳಕ್ಕೆ, ವೃತ್ತಪತ್ರಿಕೆ ಓದಲು ಬರುವವರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದ ಯುವಕನೇ ಮಾವೊ ತ್ಸೆ-ತುಂಗ್. ಬಂದವರಲ್ಲಿ ಹೆಚ್ಚಿನವರು ಆತನನ್ನು ಮನುಷ್ಯನೆಂದೇ ಎಣಿಸುತ್ತಿರಲಿಲ್ಲವಂತೆ.

ಮೊದಲನೆಯ ಮಹಾಯುದ್ಧದಲ್ಲಿ ಚೀನಾ ಮಿತ್ರರಾಷ್ಟ್ರಗಳ ಪಕ್ಷದಲ್ಲಿ ನಿಂತಿದ್ದಿತು. ಲಕ್ಷಕ್ಕೂ ಮಿಕ್ಕ ಚೀನೀ ಕೂಲಿಗಾರರು ಯೂರೋಪಿನಲ್ಲಿ ದುಡಿದಿದ್ದರು. ಶಾಂಟುಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳು ತನಗೆ ಮರಳುವುವೆಂದು ಚೀನಾ ನಂಬಿದ್ದಿತು. ಪ್ಯಾರಿಸಿನ ಶಾಂತಿಸಭೆಯು ಅವನ್ನು ಜಪಾನಿಗೆ ಒಪ್ಪಿಸಿತು. 1919ರ ಮೇ 4ರಂದು ಸುಮಾರು 3,000 ವಿದ್ಯಾರ್ಥಿಗಳು ಪೀಕಿಂಗಿನ ತಿಯಾನ್‌ಆನ್‌ಮೆನ್ ಮಹಾದ್ವಾರದೆದುರು ನೆರೆದು ಪ್ರತಿಭಟಿಸಿದರು. ಜೂನ್ ತಿಂಗಳಲ್ಲಿ ಶಾಂಘಾಯಿಯ ವರ್ತಕರೂ ಕಾರ್ಮಿಕರೂ ಕೆಲಸ ನಿಲ್ಲಿಸಿದರು. ಚೀನಾ ಕೌಲಿಗೆ ಸಹಿ ಹಾಕಲಿಲ್ಲ. ಚಳವಳಿಯ ಬೇರು ಮಾರ್ಕ್ಸನ ಗ್ರಂಥಗಳಿಗಿಂತ ಹೆಚ್ಚಾಗಿ ಈ ನಿರಾಶೆಯಲ್ಲಿಯೇ ಇದ್ದಿತೆಂದು ನಾವು ತಿಳಿಯುತ್ತೇವೆ. ತ್ಸಾರ್ ದೊರೆಗಳು ಚೀನಾದಿಂದ ಕಸಿದುದನ್ನು ಬಿಟ್ಟುಕೊಡುವುದಾಗಿ ರಷ್ಯದ ಹೊಸ ಸರ್ಕಾರವು ಅದೇ ವರ್ಷ ಸಾರಿತು. ಆ ಮಾತು ಪೂರ್ಣವಾಗಿ ನಡೆಯಲಿಲ್ಲವೆಂಬುದು ಬೇರೆ ಸಂಗತಿ. ತರುಣರ ಮನಸ್ಸಂತೂ ಅತ್ತ ವಾಲಿತು.

1921ರ ಜುಲೈ 23ರಂದು ಶಾಂಘಾಯಿಯಲ್ಲಿ, ಫ್ರೆಂಚರ ಆಡಳಿತದಲ್ಲಿದ್ದ ಭಾಗದ ಮನೆಯೊಂದರಲ್ಲಿ ಪಕ್ಷದ ಪ್ರಥಮ ಅಧಿವೇಶನವು ಗುಟ್ಟಾಗಿ ಕೂಡಿತು. ದೇಶದಲ್ಲೆಲ್ಲ ಸದಸ್ಯರು ಐವತ್ತಕ್ಕೆ ತುಸು ಮೇಲೆ; ಬಂದ ಚೀನೀಯರು 13 ಮಂದಿ. ಒಂದು ರಾತ್ರಿ ಅಪರಿಚಿತನೊಬ್ಬನು ಒಳಬಂದು, ಮನೆ ತಪ್ಪಿ ಬಂದೆನೆಂದು ಹೇಳಿ ಹೊರಟುಹೋದನು. ಸಭಿಕರು ಅಪಾಯವನ್ನರಿತು ಕೂಡಲೇ ಚದರಿದರು. ಪೊಲೀಸರು ಬರುವ ವೇಳೆಗೆ ಮನೆ ಬಹುಮಟ್ಟಿಗೆ ಬರಿದಾಗಿದ್ದಿತು. ಕೊನೆಯ ಬೈಠಕ್ಕು ಚಿಯಾಶಿಂಗ್ ಎಂಬ ಊರಿನ ಸರೋವರದಲ್ಲಿ, ವಿಹಾರಾರ್ಥಿಗಳ ಸೋಗಿನಲ್ಲಿ, ಬಾಡಿಗೆಯ ದೋಣಿಯೊಂದರ ಮೇಲೆ ಜರುಗಿತು.

ಸೋಜಿಗವೆಂದರೆ ಚೆನ್ ಆಗಲಿ ಲಿ ಆಗಲಿ ಅಲ್ಲಿಗೆ ಬಂದಿರಲೇ ಇಲ್ಲ. ಚೆನ್ ಗೈರುಹಾಜರಿಯಲ್ಲಿಯೇ ಪಕ್ಷದ ನಾಯಕನಾಗಿ ಆಯ್ಕೆಯಾದನು. 1929ರಲ್ಲಿ ಅದೇ ಪಕ್ಷವು ಅವನನ್ನು ಹೊರಹಾಕಿತು. ಲಿ 1927ರಲ್ಲಿ ಸೇನಾಧಿಪತಿಯೊಬ್ಬನ ಆಜ್ಞೆಯಿಂದ ಗಲ್ಲಿಗೇರಿದನು. ಆ 13 ಮಂದಿಯಲ್ಲಿ ಕೆಲವರು ಕೊಲೆಯಾದರು, ಕೆಲವರು ಪಕ್ಷ ತೊರೆದರು, ಇಬ್ಬರು ಜಪಾನೀಯರ ಕೈಗೊಂಬೆ ಸರ್ಕಾರದಲ್ಲಿ ಉನ್ನತ ಪದವಿಗಳನ್ನು ಪಡೆದರು. 1949ರ ಅಕ್ಟೋಬರ್ 1ರಂದು ತಿಯಾನ್‌ಆನ್‌ಮೆನ್ ಮಹಾದ್ವಾರದ ಮೇಲೆ ನಿಂತವರು ಅವರಲ್ಲಿ ಇಬ್ಬರೇ: ಮಾವೊ ಮತ್ತು ತುಂಗ್ ಪಿ-ವು.